ಲಿಥುವೇನಿಯಾದ ಅಪ್ಪನಿಗೆ ಷಾರ್ಲೆಟ್‌ನ ಕುಂಕುಮ

ಅಟ್ಲಾಂಟಾದಿಂದ ವಾಷಿಂಗ್ಟನ್ನಿಗೆ ಸುಮಾರು ಆರುನೂರ ನಲವತ್ತು ಮೈಲಿ. ವಿಮಾನವಾದರೆ ಎರಡು ಗಂಟೆಯೂ ಇಲ್ಲ. ನಾವು ಕಾರಿನಲ್ಲಿ ಹೊರಟೆವು, ಅದೂ ಮನಸ್ಸು ಬಂದಾಗ ಮಾತ್ರ ತಣ್ಣನೆಯ ಗಾಳಿ ಬಿಡುವ ನನ್ನ ಹಳೆಯ ಕಾರಿನಲ್ಲಿ. ತೊಂಬತ್ತೈದರ ಮೇ ತಿಂಗಳು. ಮರುವರ್ಷದ ಒಲಿಂಪಿಕ್ಸಿಗೆಂದು ಅಟ್ಲಾಂಟಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದರು. ಊರು ದಾಟುವ ಹೊತ್ತಿಗೇ ಅರ್ಧ ಥರ್ಮಾಸ್ ಕಾಫಿ ಮುಗಿದಿತ್ತು.

ಹೊರಟವರು ಇಬ್ಬರು, ನಾನು ಮತ್ತು ಪಕ್ಕದ ಮನೆಯ ಆಲ್ಡೋನಾ. ಆಕೆಗೆ ಅರವತ್ನಾಲ್ಕು, ಗಂಡ ತೀರಿಹೋಗಿದ್ದರು, ಮಕ್ಕಳಿಲ್ಲ, ಒಂದು ಕಣ್ಣಿನ ಪೊರೆ ಆಗತಾನೇ ತೆಗೆಸಿದ್ದರಿಂದ ಹೆದ್ದಾರಿಯಲ್ಲಿ ಕಾರು ಓಡಿಸುವಂತಿಲ್ಲ. ಅವರ ಅಪ್ಪ ಅಮ್ಮ ಲಿಥುವೇನಿಯಾದಿಂದ ಬಂದವರು. ಹೊರಡುವಾಗ ದೊಡ್ಡ ಮಗಳು ಓನಾಗೆ ದಡಾರ ಬಂದಿತ್ತಂತೆ. ಹಡಗು ಹತ್ತಿಸುವುದಿಲ್ಲ ಎಂದರು. ಒಂದು ವರ್ಷದ ಕೂಸನ್ನು ಅಜ್ಜಿಯ ಬಳಿ ಬಿಟ್ಟು, ಬರುವ ವರ್ಷ ಕರೆಸಿಕೊಂಡರಾಯಿತು ಎಂದು ಬಂದುಬಿಟ್ಟರು. ಆ ಬರುವ ವರ್ಷ ಬರಲೇ ಇಲ್ಲ. ಕೈಯಲ್ಲಿ ಕಾಸಿರಲಿಲ್ಲ, ಆಮೇಲೆ ಯುದ್ಧ, ಆಮೇಲೆ ಸೋವಿಯತ್ ಸರ್ಕಾರ. ಆಲ್ಡೋನಾ ಹುಟ್ಟಿದ್ದು ಅಮೆರಿಕದಲ್ಲಿ. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಯೇ ಇಲ್ಲ.

ಲಿಥುವೇನಿಯಾ ಮತ್ತೆ ಸ್ವತಂತ್ರವಾದ ಮೇಲೆ, ಯುದ್ಧಕ್ಕೆ ಮುಂಚೆ ಅಲ್ಲಿನ ಪ್ರಜೆಗಳಾಗಿದ್ದವರ ಮಕ್ಕಳು ಮೊಮ್ಮಕ್ಕಳು ಪೌರತ್ವವನ್ನು ಮರಳಿ ಕೇಳಬಹುದು ಎಂದಾಯಿತು. ಆಲ್ಡೋನಾ ಹಿಗ್ಗಿ ಅಕ್ಕನಿಗೆ ಕಾಗದ ಬರೆದರು, ನೋಡಲು ಬರುತ್ತೇನೆ ಎಂದು. ಅಕ್ಕನ ಉತ್ತರ ಎರಡೇ ಸಾಲು. "ನೆಂಟಳಾಗಿ ಬರುವುದಾದರೆ ಬರಬೇಡ. ನೆಂಟರನ್ನು ನೋಡಿಕೊಳ್ಳುವ ವಯಸ್ಸು ನನ್ನದಲ್ಲ."

ಅವತ್ತಿನಿಂದ ಆಲ್ಡೋನಾಗೆ ಪೌರತ್ವವೇ ಜಪವಾಯಿತು. ಪ್ರಜೆಯಾಗಿಯೇ ಹೋಗುತ್ತೇನೆ, ಅವಳ ಮನೆಯಲ್ಲೇ ಇರುತ್ತೇನೆ, ಆಗ ಅವಳು ಹೇಗೆ ಬೇಡವೆನ್ನುತ್ತಾಳೋ ನೋಡೋಣ ಎನ್ನುವ ಹಟ. ಪುರಾವೆಯಾಗಿ ಇದ್ದದ್ದು ಅಪ್ಪನ ಹಳೆಯ ಪಾಸ್‌ಪೋರ್ಟ್ ಒಂದೇ. "ವಾಷಿಂಗ್ಟನ್ನಿನ ರಾಯಭಾರ ಕಚೇರಿಗೆ ರಿಜಿಸ್ಟರ್ ಪೋಸ್ಟ್ ಮಾಡಿಬಿಡಿ" ಎಂದೆ. ಆಕೆ ನನ್ನನ್ನು ದುರುಗುಟ್ಟಿ ನೋಡಿ, "ನನ್ನಪ್ಪನನ್ನು ನಾನು ಅಂಚೆಗೆ ಹಾಕುವುದಿಲ್ಲ" ಎಂದರು. ಇಂಡಿಯಾದ ಪಾಸ್‌ಪೋರ್ಟ್ ಬಿಡಲೋ ಬೇಡವೋ ಎಂದು ಮೂರು ವರ್ಷದಿಂದ ಮೀನಮೇಷ ಎಣಿಸುತ್ತಿದ್ದ ನನಗೆ ಈ ಹಟ ಕಂಡು ಹೊಟ್ಟೆಕಿಚ್ಚೂ ಆಯಿತು, ಪ್ರೀತಿಯೂ ಬಂತು. ಲೈಬ್ರರಿ ಕೆಲಸಕ್ಕೆ ರಜೆ ಹಾಕಿ ಹೊರಟೆ. ನಮ್ಮ ಯಜಮಾನರು ಟೈರಿನ ಗಾಳಿ ನೋಡಿ, "ನಂಗೂ ಬರ್ಬೇಕು ಅಂತ ಆಸೆ, ಆದ್ರೆ ಆಫೀಸು" ಎಂದು ಬಹಳ ಸಂತೋಷದಿಂದ ಕೈ ಬೀಸಿದರು.

ಮೊದಲ ದಿನ ಷಾರ್ಲೆಟ್ಟಿನ ತನಕ. ಕಾರಿನಲ್ಲಿ ನನ್ನ ಪುಳಿಯೋಗರೆಗೂ ಆಲ್ಡೋನಾ ತಂದ ಹೊಗೆ ಹಾಕಿದ ಸಾಸೇಜಿಗೂ ಯುದ್ಧ. ಸೌತ್ ಕೆರೊಲಿನಾ ಗಡಿಯಲ್ಲಿ ಸಾಸೇಜ್ ಗೆದ್ದಿತು. ನಾನು ಕಿಟಕಿ ಇಳಿಸಿದೆ. ಗ್ಯಾಫ್ನಿಯ ಹತ್ತಿರ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕ್ ಕಂಡಿತು. ಅಷ್ಟು ದೊಡ್ಡ ಹಣ್ಣನ್ನು ಕಂಡು ಆಲ್ಡೋನಾ, "ಇದರ ಬೀಜ ಎಲ್ಲಿಡುತ್ತಾರೆ?" ಎಂದರು. ಪೆಟ್ರೋಲು ಗ್ಯಾಲನ್ನಿಗೆ ಒಂದು ಡಾಲರಿನ ಆಸುಪಾಸು.

ಷಾರ್ಲೆಟ್ಟಿನಲ್ಲಿ ನನ್ನ ಗೆಳತಿ ವಿಮಲಾ ಮನೆ. ಅವಳು ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸದವಳು. ನಂಜನಗೂಡಿನಿಂದ ಬಂದ ಅವಳ ಅತ್ತೆ ಸಾವಿತ್ರಮ್ಮನವರೂ ಇದ್ದರು. ಊಟಕ್ಕೆ ಹುರುಳಿಕಾಯಿ ಪಲ್ಯ, ತಿಳಿಸಾರು. ಊಟವಾದ ಮೇಲೆ ಆಲ್ಡೋನಾ ಪಾಸ್‌ಪೋರ್ಟ್ ತೆಗೆದು ಎಲ್ಲರಿಗೂ ತೋರಿಸಿದರು. ಒಳಗಿನ ಫೋಟೋದಲ್ಲಿ ದಪ್ಪ ಮೀಸೆ, ಬಿಗಿದ ಕಾಲರು, ಸಾಲ ಕೇಳಲು ಬಂದವರನ್ನು ನೋಡುವಂಥ ಮುಖ. ಸಾವಿತ್ರಮ್ಮನವರು ಕನ್ನಡಕ ಏರಿಸಿ ನೋಡಿದರು.

"ಇವರ ತಂದೆಯೇನಮ್ಮ ಪದ್ಮ? ಎಷ್ಟು ಲಕ್ಷಣವಾಗಿದ್ದಾರೆ! ಹೋಗಿಬಿಟ್ರಾ?"

"ಹೋಗಿ ಮೂವತ್ತು ವರ್ಷ ಆಯ್ತಂತೆ ಆಂಟಿ. ಈ ಬುಕ್ ತೋರ್ಸಿ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡ್ಬೇಕು."

"ಸರ್ಕಾರಿ ಕೆಲ್ಸ! ದೇವರು ವರ ಕೊಟ್ರೂ ಪೂಜಾರಿ ಕೊಡ. ಇವತ್ತು ದೇವರ ಮುಂದೆ ಇಡ್ತೀನಿ, ಬೆಳಿಗ್ಗೆ ತಗೊಂಡು ಹೋಗಿ."

ಆಲ್ಡೋನಾ ಅನುಮಾನದಿಂದ ನನ್ನ ಮುಖ ನೋಡಿದರು. "ಈ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇಲ್ಲ" ಎಂದು ನಾನೇ ಭರವಸೆ ಕೊಟ್ಟೆ. ಬೆಳಿಗ್ಗೆ ಸಾವಿತ್ರಮ್ಮನವರು ಪಾಸ್‌ಪೋರ್ಟನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಮೇಲೆ ಎರಡು ಕಾಳು ಅಕ್ಷತೆ ಹಾಕಿ ಕೊಟ್ಟರು. ಆಲ್ಡೋನಾ ಆ ಗೌರವಕ್ಕೆ ಕರಗಿ ಅವರ ಕೆನ್ನೆಗೆ ಮುತ್ತಿಟ್ಟರು.

ಕಂಪ್ಯೂಟರ್, ಔಷಧದ ಕಂಪನಿಗಳೇ ತುಂಬಿದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ದಾಟಿ ಒಂದು ಹೋಟೆಲಿನಲ್ಲಿ ಊಟಕ್ಕೆ ನಿಂತೆವು. ಮೆನು ತುಂಬ ಹಂದಿ. ನನಗೆ ಸಿಕ್ಕಿದ್ದು ಕೋಸಿನ ಪಚಡಿ, ಮೆಕ್ಕೆಜೋಳದ ಹಿಟ್ಟಿನ ಬೋಂಡ, ಪಾಯಸದಷ್ಟು ಸಿಹಿಯಾದ ಐಸ್ ಟೀ, ಅದರ ಅಂಚಿಗೆ ಸಿಕ್ಕಿಸಿದ ಒಂದು ಹೋಳು ನಿಂಬೆ. ಅರ್ಜಿಯಲ್ಲಿ ಪಾಸ್‌ಪೋರ್ಟ್ ನಂಬರು ಬರೆಯೋಣವೆಂದು ಆಲ್ಡೋನಾ ರೇಷ್ಮೆ ಬಿಚ್ಚಿದರು. ಪುಟ ತೆರೆದರು. ಕಿಟಾರನೆ ಕಿರುಚಿಕೊಂಡರು.

ಅಪ್ಪನ ಹಣೆಯ ಮೇಲೆ, ಎರಡು ಹುಬ್ಬಿನ ನಡುವೆ, ಕಾಸಿನಗಲ ಕುಂಕುಮ.

ನಮ್ಮಲ್ಲಿ ತೀರಿಕೊಂಡ ಹಿರಿಯರ ಫೋಟೋಗೆ ಕುಂಕುಮ ಇಡದ ಮನೆ ಯಾವುದು? ಆದರೆ ನಮ್ಮಲ್ಲಿ ಫೋಟೋ ಮೇಲೆ ಗಾಜು ಇರುತ್ತದೆ. ಗಂಧದ ನೀರಿನಲ್ಲಿ ಕಲಸಿದ ಕುಂಕುಮ ಆ ಹಳೆಯ ಕಾಗದಕ್ಕೆ ಇಳಿದು, ಲಿಥುವೇನಿಯಾದ ರೈತ ಸಾಕ್ಷಾತ್ ನಂಜುಂಡೇಶ್ವರನ ಒಕ್ಕಲಾಗಿ ಕೂತಿದ್ದ.

ಕಾಗದದ ಕರವಸ್ತ್ರದಿಂದ ಒರೆಸಿದೆ, ಹೋಗಲಿಲ್ಲ. ಹೋಟೆಲಿನ ಫೋನಿಗೆ ನಾಣ್ಯ ಸುರಿದು ವಿಮಲಾಗೆ ಫೋನ್ ಮಾಡಿದೆ.

"ಅಯ್ಯೋ ದೇವರೇ! ಅತ್ತೆ ಫೋಟೋಗೇ ಇಟ್ಬಿಟ್ಟಿದ್ದಾರಾ? ಐ ಆಮ್ ಸೋ ಸಾರಿ ಕಣೇ! ತಾಳು, ಅವರಿಗೇ ಕೊಡ್ತೀನಿ."

ಸಾವಿತ್ರಮ್ಮನವರ ದನಿಯಲ್ಲಿ ಗಾಬರಿಯ ಸುಳಿವೂ ಇರಲಿಲ್ಲ. "ಹಿರಿಯರ ಹಣೆ ಬರಿದಾಗಿ ಕಂಡ್ರೆ ಕೈ ತಡೀಲಿಲ್ಲಮ್ಮ. ಹೋಗ್ಬೇಕು ಅಂದ್ರೆ ನಿಂಬೆಹಣ್ಣು ಉಜ್ಜಿ. ನನ್ನ ಸೀರೆ ಕಲೆಗೆಲ್ಲ ಅದೇ."

ಐಸ್ ಟೀಯ ನಿಂಬೆಯಿಂದ ಮೆಲ್ಲಗೆ ಒತ್ತಿದೆ. ಕೆಂಪು ಕರಗಿತು, ನಿಜ. ಕರಗಿ ಹಳದಿಯಾಯಿತು. ಹಳದಿ ಹಣೆಯಿಂದ ಮೂಗಿಗೆ, ಮೂಗಿನಿಂದ ಮೀಸೆಗೆ ಇಳಿಯಿತು. ಕುಂಕುಮ ಮಾಡುವುದು ಅರಿಶಿನದಿಂದ ಎನ್ನುವುದು ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಅನ್ನುತ್ತಾರಲ್ಲ, ನಾನು ಆಲ್ಡೋನಾರ ಅಪ್ಪನಿಗೆ ಕಾಮಾಲೆ ತರಿಸಿದ್ದೆ.

"ಕೆಂಪೇ ಚೆನ್ನಾಗಿತ್ತು" ಎಂದರು ಆಲ್ಡೋನಾ, ಸಣ್ಣ ದನಿಯಲ್ಲಿ. ವರ್ಜೀನಿಯಾದಲ್ಲಿ ಮಳೆ ಬಂತು, ರಿಚ್ಮಂಡ್ ಬಂತು. ಮಳೆ ಒರೆಸುವ ವೈಪರನ್ನೇ ನೋಡುತ್ತ ಆಲ್ಡೋನಾ, "ಓನಾಗೆ ಅರವತ್ತಾರು. ಇದು ತಿದ್ದಿದ ಪಾಸ್‌ಪೋರ್ಟ್ ಎಂದು ವಾಪಸು ಕಳಿಸಿದರೆ ನಾನು ಅವಳಿಗೆ ಏನೆಂದು ಬರೆಯಲಿ?" ಎಂದರು. ಆ ದಿನ ವಾಷಿಂಗ್ಟನ್ನಿನ ಆಚೆಯ ಮೋಟೆಲೊಂದರಲ್ಲಿ ಉಳಿದೆವು, ನಲವತ್ತು ಡಾಲರು, ಬೆಳಗಿನ ತಿಂಡಿಗೆ ಒಣಗಿದ ಬನ್ನು.

ಮರುದಿನ ವಾಷಿಂಗ್ಟನ್. ಕಾರು ನಿಲ್ಲಿಸಲು ಜಾಗ ಹುಡುಕಿ ಹುಡುಕಿ, ಅಮೆರಿಕದ ಅಧ್ಯಕ್ಷರ ಮನೆಗೆ ಎರಡು ಪ್ರದಕ್ಷಿಣೆ ಬಂದ ಹಾಗಾಯಿತು. ಲಿಥುವೇನಿಯಾದ ರಾಯಭಾರ ಕಚೇರಿ ಹದಿನಾರನೆಯ ರಸ್ತೆಯಲ್ಲಿದೆ. ಸೋವಿಯತ್ತರು ದೇಶವನ್ನೇ ನುಂಗಿದ್ದ ಕಾಲದಲ್ಲೂ ಈ ಕಟ್ಟಡ ಬಾಗಿಲು ಮುಚ್ಚಲಿಲ್ಲವಂತೆ. ಬಾಗಿಲ ಬಳಿ ನಿಂತು ಆಲ್ಡೋನಾ ತಲೆ ಬಾಚಿಕೊಂಡರು. ನಾನು ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ, ನಿನ್ನ ಊರಿನವರು ಮಾಡಿದ್ದು, ನೀನೇ ಸರಿಮಾಡು ಎಂದು ಹೇಳಿದೆ.

ಒಳಗೆ ಅರ್ಜಿ ನೋಡುವಾಕೆ ಬೆಳ್ಳಿಕೂದಲಿನ ಹೆಂಗಸು. ಒಂದೊಂದೇ ಕಾಗದ ತಿರುವಿ ಹಾಕಿದರು. ಪಾಸ್‌ಪೋರ್ಟ್ ತೆರೆದು ನಿಂತುಬಿಟ್ಟರು.

"ಇದೇನಿದು?"

ಆಲ್ಡೋನಾ ನನ್ನತ್ತ ಬೆರಳು ತೋರಿಸಿದರು. "ಇವರ ಜನ ನಮ್ಮಪ್ಪನಿಗೆ ಪೂಜೆ ಮಾಡಿದರು."

ನಾನು ಕುಂಕುಮ, ಹಿರಿಯರು, ಅಕ್ಷತೆ, ನಿಂಬೆಹಣ್ಣು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಆಕೆ ಭೂತಗನ್ನಡಿ ತೆಗೆದು ಫೋಟೋ ನೋಡಿದರು, ಮೊಹರು ನೋಡಿದರು, ಸಹಿ ನೋಡಿದರು, ನಂಬರು ನೋಡಿದರು. ಆಲ್ಡೋನಾ ನನ್ನ ಮೊಣಕೈ ಹಿಡಿದುಕೊಂಡಿದ್ದರು, ಉಗುರು ಚುಚ್ಚುತ್ತಿತ್ತು.

"ಮೊದಲು ಕೆಂಪಿತ್ತು, ಆಮೇಲೆ ಹಳದಿಯಾಯಿತು ಅನ್ನುತ್ತೀರಿ?"

"ಹೌದು."

"ಹಸಿರೊಂದು ಹಚ್ಚಿದ್ದರೆ ನಮ್ಮ ಬಾವುಟವೇ ಆಗುತ್ತಿತ್ತು" ಎಂದು ಆಕೆ ನಗದೆ ಹೇಳಿದರು. "ಮೊಹರು, ಸಹಿ, ನಂಬರು ಎಲ್ಲ ಸ್ವಚ್ಛವಾಗಿವೆ. ನಮಗೆ ಅದು ಸಾಕು."

ಹಳದಿ ಕೆಂಪು ಇಷ್ಟೇ ಇದ್ದರೆ ಅದು ನಮ್ಮ ಕನ್ನಡ ಬಾವುಟ ಎಂದು ಹೇಳಲು ಬಾಯಿ ತೆರೆದೆ. ಆಲ್ಡೋನಾ ಮೊಣಕೈಯನ್ನು ಇನ್ನೊಮ್ಮೆ ಚುಚ್ಚಿದರು, ಸುಮ್ಮನಾದೆ. ಬೆಳ್ಳಿಕೂದಲಿನಾಕೆ ಪ್ರತಿ ತೆಗೆದುಕೊಂಡು ಪಾಸ್‌ಪೋರ್ಟನ್ನು ಮರಳಿಸಿದರು. ಅರ್ಜಿ ಸರಿಯಾಗಿದೆ, ಬೇಸಿಗೆ ಮುಗಿಯುವುದರೊಳಗೆ ಉತ್ತರ ಬರಬಹುದು ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಇಬ್ಬರೂ ಕೂತೆವು.

ರಸ್ತೆಯ ಮೂಲೆಯ ಫೋನಿನಿಂದ ಆಲ್ಡೋನಾ ಅಕ್ಕನಿಗೆ ಕರೆ ಮಾಡಿದರು. ಅಲ್ಲಿ ಆಗ ಸಂಜೆ. ಇಬ್ಬರೂ ಲಿಥುವೇನಿಯನ್ನಿನಲ್ಲಿ ಮಾತಾಡಿದರು, ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆಲ್ಡೋನಾ ತುಂಬ ಹೊತ್ತು ಹೇಳಿದರು, ಆ ಕಡೆಯಿಂದ ಬಂದದ್ದು ನಾಲ್ಕೇ ಮಾತು. ಫೋನು ಕಟ್ಟಾಯಿತು. ಆಕೆ ರಿಸೀವರನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು, ಕಣ್ಣಿನಲ್ಲಿ ನೀರು.

"ಬೈದರಾ?" ಎಂದೆ, ಹೆದರಿ.

"ಸೆಪ್ಟೆಂಬರಿನಲ್ಲಿ ಆಲೂಗಡ್ಡೆ ಅಗೆಯಬೇಕಂತೆ. ಅಷ್ಟರೊಳಗೆ ಬಾ, ನಿನ್ನ ಬೂಟು ನೀನೇ ತಾ ಅಂದಳು."

"ಅಷ್ಟೇನಾ? ಬೇರೇನೂ ಹೇಳಲಿಲ್ಲವಾ?"

"ಇನ್ನೇನು ಹೇಳಬೇಕು ಪದ್ಮಾ? ನನಗೆ ಕೆಲಸ ಹೇಳಿದಳು! ನೆಂಟರಿಗೆ ಯಾರಾದರೂ ಕೆಲಸ ಹೇಳುತ್ತಾರಾ?" ಎಂದು ಆಕೆ ಹದಿನಾರನೆಯ ರಸ್ತೆಯಲ್ಲೇ ನನ್ನನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ಓಡಾಡುವವರು ನಮ್ಮನ್ನು ಬಳಸಿಕೊಂಡು ಹೋದರು.

ವಾಪಸು ಬರುವ ದಾರಿಯುದ್ದಕ್ಕೂ ಆಲೂಗಡ್ಡೆಯದೇ ಮಾತು. ಎಷ್ಟು ಆಳಕ್ಕೆ ಅಗೆಯಬೇಕು, ಗುದ್ದಲಿಯೋ ಕವೆಗೋಲೋ ಎಂದು ನನ್ನನ್ನು ಕೇಳಿದರು, ಮೈಸೂರಿನ ಮಂಡಿಮೊಹಲ್ಲಾದ ಮಾರ್ಕೆಟ್ಟಿನಲ್ಲಿ ತೂಕ ಹಾಕಿಸಿಕೊಳ್ಳುವುದು ಮಾತ್ರ ಗೊತ್ತಿರುವ ನನ್ನನ್ನು. ಅಟ್ಲಾಂಟಾ ಸೇರಿದ ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಆಲ್ಡೋನಾ ಹೊಸ ಬೂಟು ಹಾಕಿಕೊಂಡು, ಗಂಡ ಹತ್ತು ವರ್ಷ ನೀರೆರೆದು ಬೆಳೆಸಿದ್ದ ಹಿತ್ತಲಿನ ಹುಲ್ಲುಹಾಸನ್ನು ಬೇಲಿಯಿಂದ ಬೇಲಿಗೆ ಅಗೆದು ಹಾಕುತ್ತಿದ್ದರು.

"ಏನು ನೆಡುತ್ತೀರಿ?" ಎಂದು ಕೂಗಿದೆ.

"ಏನೂ ಇಲ್ಲ" ಎಂದರು ಆಕೆ, ಸೊಂಟ ಹಿಡಿದು ನೆಟ್ಟಗಾಗುತ್ತ. "ಅಭ್ಯಾಸ ಮಾಡುತ್ತಿದ್ದೇನೆ."