ಐದು ಸಹಿಯ ಕೈಪಿಡಿ

ನಮ್ಮ ಸಾಹೇಬರಿಗೆ ಕಂಪ್ಯೂಟರಿನ ಮೇಲೆ ಕವರು ಹೊದಿಸುವುದೊಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಅದನ್ನೂ ಜವಾನನಿಂದ ಮಾಡಿಸುತ್ತಿದ್ದರು. ಇಂಥವರ ಕೈಕೆಳಗೆ ನಾನು ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೈಪಿಡಿ ಬರೆಯುವ ಕೆಲಸಕ್ಕಿದ್ದೆ.

ತೊಂಬತ್ತರ ದಶಕದ ಮಾತು. ಪೈಪುಗಳು ಎಷ್ಟು ಒತ್ತಡ ತಡೆಯುತ್ತವೆಂದು ನೋಡುವ ಯಂತ್ರವೊಂದಿತ್ತು. ಕೀಲಿಮಣೆಯಲ್ಲಿ ಆಜ್ಞೆ ಟೈಪ್ ಮಾಡಿ ಅದನ್ನು ನಡೆಸಬೇಕು. ಯಾವ ಆಜ್ಞೆಯನ್ನು ಹೇಗೆ ಬರೆದರೆ ಯಂತ್ರ ಒಪ್ಪಬೇಕೆಂಬ ನಿಯಮಗಳು ಕಂಪ್ಯೂಟರಿನ ಒಂದು ಫೈಲಿನಲ್ಲಿದ್ದವು, ಯಂತ್ರ ಅದನ್ನೇ ನೋಡಿ ನಡೆಯುತ್ತಿತ್ತು. ತುಂಬ ಬ್ರಾಕೆಟ್ಟು, ಅಡ್ಡಗೆರೆ, ಚುಕ್ಕಿ, ಮನುಷ್ಯರು ಓದುವಂಥದ್ದಲ್ಲ. ಆ ಫೈಲನ್ನು ಓದಿ ಅಂದವಾದ ಪುಟಗಳಾಗಿ ಜೋಡಿಸುವ ಪುಟ್ಟ ಪ್ರೋಗ್ರಾಂ ಬರೆದೆ. ಫೈಲಿನಲ್ಲಿದ್ದದ್ದೇ ಪುಟದಲ್ಲಿ. ಪುಸ್ತಕ ಇನ್ನು ಸುಳ್ಳು ಹೇಳುವಂತಿಲ್ಲ ಎಂದು ಬೀಗಿದೆ.

ಸಾಹೇಬರು ಕೆಂಪು ಪೆನ್ನು ತೆಗೆದರು. ಒಂದು ನಿಯಮವೂ ತಲೆಗೆ ಹೋಗಲಿಲ್ಲ, ಆದರೆ ತೆಗೆದ ಪೆನ್ನನ್ನು ಸುಮ್ಮನೆ ಮುಚ್ಚಿದರೆ ಹುದ್ದೆಯ ಮರ್ಯಾದೆ ಏನಾಗಬೇಕು? ಯಂತ್ರ ನಿಲ್ಲಿಸಲು ‘ಸ್ಟಾಪ್’ ಎಂದು ಪೂರ್ತಿ ಬರೆಯಬಹುದು, ಇಲ್ಲವೇ ‘ಎಸ್’ ಒಂದೇ ಒತ್ತಬಹುದು ಎಂಬಲ್ಲಿ ಪೆನ್ನು ನಿಂತಿತು.

“ಒಂದ ಕೆಲಸಕ್ಕ ಎರಡ ಮಾತ ಯಾಕ್ರಿ? ಈ ಮೋಟ ಅಕ್ಷರ ಸರಕಾರಿ ಪುಸ್ತಕದಾಗ ಚಂದ ಕಾಣಂಗಿಲ್ಲ,” ಎಂದು ಹೊಡೆದು ಹಾಕಿದರು.

ಆ ಒಂದಕ್ಷರ ಇದ್ದದ್ದೇ ಯಂತ್ರ ನಡೆಸುತ್ತಿದ್ದ ರಾಯಚೂರು ಕಡೆಯ ಹಿರಿಯರೊಬ್ಬರಿಗಾಗಿ. ಕೀಲುನೋವಿನಿಂದ ಅವರ ಬೆರಳುಗಳು ಸೆಟೆದಿದ್ದವು. ಇದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಇಲ್ಲದಿದ್ದರೇನು, ಯಂತ್ರ ಒಪ್ಪುತ್ತದಲ್ಲ ಎಂದು ತೆಪ್ಪಗಿದ್ದೆ.

ತಿದ್ದಿದ ಪ್ರತಿಗೆ ಐವರು ಅಧಿಕಾರಿಗಳು ಸಹಿ ಹಾಕಿದರು. ಓದಿದವರು ಯಾರೂ ಇಲ್ಲ. ಒಬ್ಬರ ಸಹಿ ನೋಡಿ ಇನ್ನೊಬ್ಬರು ಹಾಕಿದ್ದು. ಊರಿನ ಹಿಮಾಯತ್‌ನಗರದ ಬೈಂಡಿಂಗ್ ಅಂಗಡಿಯಲ್ಲಿ ನೀಲಿ ರೆಕ್ಸಿನ್ ಹೊದಿಸಿ, ಬಂಗಾರದ ಬಣ್ಣದ ಅಕ್ಷರ ಒತ್ತಿಸಿದರು. ನೋಡಲು ಮದುವೆ ಆಲ್ಬಮ್ಮಿನ ಹಾಗಿತ್ತು.

ಮೇಲಿನ ಕಚೇರಿಯಿಂದ ತಪಾಸಣೆಯವರು ಬರುವ ಮೊದಲು, ಪುಸ್ತಕಕ್ಕೂ ಯಂತ್ರಕ್ಕೂ ತಾಳೆಯಾಗುವುದಿಲ್ಲ, ಪುಸ್ತಕ ತಿದ್ದೋಣ ಎಂದು ಸಾಹೇಬರಿಗೆ ನಾನೇ ಹೇಳಿದೆ.

“ಪುಸ್ತಕಕ್ಕ ಐದ ಸಹಿ ಅದಾವ. ಯಂತ್ರಕ್ಕ ಯಾರರ ಸಹಿ ಮಾಡ್ಯಾರೇನು? ಯಂತ್ರಾನ ತಿದ್ರಿ,” ಎಂದರು.

ಮನಸ್ಸಿನಲ್ಲೇ ಕೋಣ ಎಂದು ಬೈದೆ. ಬೈಯುತ್ತಲೇ ಫೈಲಿನಿಂದ ‘ಎಸ್’ ಇದ್ದ ಸಾಲು ಅಳಿಸಿದೆ. ಹಿರಿಯರಿಗೆ ಒಂದು ಮಾತು ಹೇಳಬಹುದಿತ್ತು. ಸುತ್ತೋಲೆ ಹೋಗುತ್ತದೆ, ನನಗೇಕೆ ಎಂದುಕೊಂಡೆ. ಸುತ್ತೋಲೆ ಹೋಯಿತು, ಇಂಗ್ಲಿಷಿನಲ್ಲಿ, ಅವರಿಗೆ ಅರ್ಥವಾಗದ ಹಾಗೆ.

ಮುಂದಿನ ವಾರ ಒತ್ತಡ ಏರಿದಾಗ ಅವರು ‘ಎಸ್’ ಒತ್ತಿದರು. ಯಂತ್ರ ನಿಲ್ಲಲಿಲ್ಲ. ಪೈಪು ಸೀಳಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಸಾಹೇಬರು ವಿಚಾರಣೆಗೆ ಕೂತರು. ತಪ್ಪು ಹಿರಿಯರದೆಂದಾದರೆ ಅವರನ್ನು ಯಂತ್ರದಿಂದ ತೆಗೆದು ಗೋದಾಮಿಗೆ ಹಾಕುವವರಿದ್ದರು.

“ಇಷ್ಟ ವರ್ಷ ಅದ ಅಕ್ಷರ ಒತ್ತೀನ್ರಿ, ನಿಂತೈತಿ. ನೀವರ ಹೇಳ್ರಿ ಸಾಹೇಬರಿಗೆ,” ಎಂದು ಹಿರಿಯರು ನನ್ನ ಕಡೆ ನೋಡಿದರು.

“ಪುಸ್ತಕದಾಗ ಐತೇನ್ರಿ?” ಸಾಹೇಬರು ನನ್ನನ್ನು ಕೇಳಿದರು.

“ಇಲ್ರಿ, ಸರ,” ಎಂದೆ.

ಹಿರಿಯರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ಹಂಗಾರ ನನಗ ಅರಳು ಮರಳು ಆಗೈತಿ ಕಾಣ್ತೈತಿ. ಬರಕೋರಿ,” ಎಂದರು.

ಸಾಹೇಬರು ಬರೆದುಕೊಂಡರು. ಆ ಕಾಗದದ ಕೆಳಗೆ ಸಾಕ್ಷಿಯ ಸಹಿ ನನ್ನದು.