ಕ್ಯಾಲ್ಕ್ಯುಲೇಟರ್‌ನಲ್ಲಿ ಮಾತಾಡುತ್ತಿದ್ದ ಸೂಪರ್‌ವೈಸರ್

ಪೀಣ್ಯದಲ್ಲಿ ತಗಡು ಒತ್ತುವ ನಮ್ಮ ಪ್ರೆಸ್ ಶಾಪಿನ ಸೂಪರ್‌ವೈಸರ್‌ಗೆ ಗಂಟಲಿನ ಕ್ಯಾನ್ಸರ್ ಆಗಿ, ಆಪರೇಷನ್ನಿನಲ್ಲಿ ದನಿ ಹೋಗಿತ್ತು. ಶಾಪಿನೊಳಗೆ ಮೊಬೈಲ್ ಬಿಡುತ್ತಿರಲಿಲ್ಲ. ಹಾಗಾಗಿ ಅಳತೆಯ ಲೆಕ್ಕಕ್ಕೆಂದು ಇಟ್ಟುಕೊಂಡಿದ್ದ ಪ್ರೋಗ್ರಾಮ್ ಮಾಡಬಲ್ಲ ಹಳೆಯ ಕ್ಯಾಲ್ಕ್ಯುಲೇಟರಿನಲ್ಲೇ ಅವರು ಮಾತಾಡುತ್ತಿದ್ದರು. ಅದರಲ್ಲಿ ಅಂಕಿಯಂತೆ ಅಕ್ಷರಗಳನ್ನೂ ಕೂಡಿಸಬಹುದಿತ್ತು. ದಿನಾ ಬೇಕಾಗುವ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅದರೊಳಗೇ ಒಂದು ಪಟ್ಟಿಯಲ್ಲಿ ಇಟ್ಟಿದ್ದರು. ಮೊದಲು ನಮ್ಮ ಹೆಸರು, ಆಮೇಲೆ ಪಟ್ಟಿಯಿಂದ ತೆಗೆದ ಮಾತು, ಕೊನೆಗೆ ಕೂಡಿಸುವ ಗುಂಡಿ. ಎರಡೂ ಸೇರಿ ಒಂದು ವಾಕ್ಯವಾಗುತ್ತಿತ್ತು. ಅದನ್ನು ನಮ್ಮ ಮೂಗಿನ ಹತ್ತಿರ ಹಿಡಿದು, ಓದಿ ಮುಗಿಸುವವರೆಗೆ ಹುಬ್ಬೇರಿಸಿ ನಿಲ್ಲುತ್ತಿದ್ದರು. ಹೆಚ್ಚಾಗಿ ಬರುತ್ತಿದ್ದದ್ದು ಒಂದೇ ಮಾತು: ‘ಇನ್ನೊಂದ್ಸಲ ಅಳತೆ ನೋಡಿ.’

ಒಂದು ಬೆಳಿಗ್ಗೆ ನನ್ನ ಪಕ್ಕದ ಪ್ರೆಸ್ಸಿನ ಹೆಂಗಸು ಸಿಕ್ಕಿಕೊಂಡ ತಗಡನ್ನು ಬಿಡಿಸಲು ಒಳಗೆ ಕೈ ಹಾಕಿದಳು. ಕಾಲು ಇನ್ನೂ ಪೆಡಲ್ ಮೇಲೆಯೇ ಇತ್ತು. ಹತ್ತು ಹೆಜ್ಜೆ ದೂರದಿಂದ ಅದನ್ನು ಕಂಡ ಸೂಪರ್‌ವೈಸರ್ ಬಾಯಿ ದೊಡ್ಡದಾಗಿ ತೆರೆದರು; ದನಿ ಬರದಿದ್ದಾಗ ಓಡಿದರು. ಅವರು ತಲುಪುವಷ್ಟರಲ್ಲಿ ಪ್ರೆಸ್ ಕೆಳಗಿಳಿದಿತ್ತು. ಅವಳ ನಾಲ್ಕು ಬೆರಳು ಹೋದವು.

“ನೀವೇನ್ ಮಾಡೋಕಾಗ್ತಿತ್ತು ಸಾರ್?” ಅಂದೆ, ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ. ಅವರು ಒಂದೊಂದೇ ಅಕ್ಷರ ಒತ್ತಿ ತೋರಿಸಿದರು: ‘ಕೂಗ್ಬೋದಿತ್ತು.’

ಮೂರನೆಯ ದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ಅವರ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು.

“ನಿಮ್ದೇನೂ ತಪ್ಪಿಲ್ಲ ಸಾರ್. ನೀವು ಬಾಯಿ ತೆಗ್ದಿದ್ದು ನಾನು ನೋಡ್ದೆ. ಆಕಳಿಸ್ತಾ ಇದ್ದೀರಾ ಅನ್ಕೊಂಡ್ಬಿಟ್ಟೆ.”

ಸೂಪರ್‌ವೈಸರ್ ಕ್ಯಾಲ್ಕ್ಯುಲೇಟರನ್ನು ಜೇಬಿನಿಂದ ತೆಗೆಯಲೇ ಇಲ್ಲ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.