ಸುಳ್ಳು ಗಿಣ್ಣು

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿದ್ದ ಹೊಸಕಾನು ಎಸ್ಟೇಟಿನಲ್ಲಿ ಬಾಣಂತಿಯರ ಮುಂದೆ ಯಾರೂ ಗಿಡ್ಡಮ್ಮನ ಹೆಸರೆತ್ತುತ್ತಿರಲಿಲ್ಲ. ಹಾಗಂತ ಅವಳೇನು ಮಾಟಗಾತಿಯಲ್ಲ. ಮಾತಿಗೆ ಮುಂಚೆ ನಗುವ, ಎಲೆಯಡಿಕೆ ಕೊಟ್ಟರೆ ಸಂಜೆಯವರೆಗೂ ಕೂತು ಹರಟುವ ಹೆಂಗಸು. ಆದರೆ ಅವಳ ಕೆಲಸ ಅಂಥದ್ದು. ಬೇರೆಯವರ ಮನೆಯಲ್ಲಿ ಹಾಲು ಒಡೆದರೆ ಏನು ಕಾದಿದೆಯೋ ಎಂದು ದೇವರಿಗೆ ಕೈಮುಗಿಯುತ್ತಾರೆ. ಗಿಡ್ಡಮ್ಮ ಸಂಬಳ ತೆಗೆದುಕೊಂಡು ಹಾಲು ಒಡೆಸುತ್ತಿದ್ದಳು.

ಬಂಗಲೆಯ ದೊರೆಸಾನಿಗೆ ಚೀಸ್ ಇಲ್ಲದೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಲು ಗಟ್ಟಿ ಮಾಡುವ ಮದ್ದು ಸೀಮೆಯಿಂದ ಹಡಗಿನಲ್ಲಿ ಸೀಸೆ ಸೀಸೆಯಾಗಿ ಬರುತ್ತಿತ್ತು. ಅದು ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದೆಂದು ಬಟ್ಲರ್ ಶೇಷಪ್ಪ ಬಾಯಿಬಿಟ್ಟ ಮೇಲೆ ಗಿಡ್ಡಮ್ಮ ಆ ಸೀಸೆಯನ್ನು ಬಟ್ಟೆ ಸುತ್ತಿ ಹಿಡಿಯುತ್ತಿದ್ದಳು. ಜರ್ಮನಿಯ ಮೊದಲ ಯುದ್ಧ ಶುರುವಾಗಿ ಸೀಸೆ ಬರುವುದು ನಿಂತಿತು. ಆಗಲಾದರೂ ಸುಮ್ಮನಿರಬಾರದಿತ್ತೇ ಈ ಹೆಂಗಸು?

"ಅತ್ತಿ ಮರದ ಹಾಲು ಬಿಟ್ರೆ ಸಾಕು ಶೇಷಪ್ಪನೋರೇ, ಇದಕ್ಕಿಂತ ಚೆನ್ನಾಗಿ ಗಟ್ಟಿಯಾಗುತ್ತೆ" ಎಂದುಬಿಟ್ಟಳು.

ಅವಳು ಅದನ್ನು ಕಣ್ಣಾರೆ ಕಂಡಿದ್ದಳು. ಕೂಲಿಯವರ ಲೈನ್ ಮನೆಗಳ ಹಿಂದಿನ ದಿಬ್ಬದಲ್ಲಿ ಒಂದು ದೊಡ್ಡ ಅತ್ತಿಮರವಿತ್ತು. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆ ಮರಕ್ಕೆ ಕಟ್ಟುವುದು ಎಲ್ಲರ ರೂಢಿ. ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಹಸುವಿನ ಕೆಚ್ಚಲೂ ತುಂಬುತ್ತದೆಂದು ನಂಬಿಕೆ. ಒಮ್ಮೆ ಹಾಗೆ ಕಟ್ಟುವಾಗ ಮುರಿದ ರೆಂಬೆಯ ಹಾಲು ಕೆಳಗಿಟ್ಟಿದ್ದ ತಂಬಿಗೆಗೆ ತೊಟ್ಟಿಕ್ಕಿ, ಅದರಲ್ಲಿದ್ದ ನೊರೆಹಾಲು ಮನೆ ಮುಟ್ಟುವುದರೊಳಗೆ ಗಟ್ಟಿಯಾಗಿತ್ತು.

ಶೇಷಪ್ಪನಿಗೆ ಹೇಳಿದ ದಿನದಿಂದ ಅದೇ ಅವಳ ಕಸುಬಾಯಿತು. ಹಳ್ಳದ ದಂಡೆಯ ಅತ್ತಿಗಳಿಗೆ ಕತ್ತಿಯಿಂದ ಕಚ್ಚು ಹಾಕಿ ತೆಂಗಿನ ಕರಟದಲ್ಲಿ ಹಾಲು ಹಿಡಿಯುವಳು. ಉಗುರುಬೆಚ್ಚಗಿನ ಹಸುವಿನ ಹಾಲಿಗೆ ಅದರ ನಾಲ್ಕು ತೊಟ್ಟು ಬಿಟ್ಟು, ಗಟ್ಟಿಯಾದದ್ದನ್ನು ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರುವಳು. ಲೈನಿನವರು ಅದನ್ನು ಸುಳ್ಳು ಗಿಣ್ಣು ಎಂದು ಕರೆದರು. ನಿಜವಾದ ಗಿಣ್ಣು ಈದ ಹಸುವಿನ ಮೊದಲ ಹಾಲಿನದು, ಕರು ಹುಟ್ಟಿದ ಸಂತೋಷಕ್ಕೆ ನೆರೆಹೊರೆಗೆಲ್ಲ ಹಂಚುವಂಥದ್ದು. ಇದಕ್ಕೆ ಕರುವೂ ಇಲ್ಲ, ಸಂತೋಷವೂ ಇಲ್ಲ. ಒಂದು ಮಾತ್ರ ನಿಜ, ದಿಬ್ಬದ ಮರಕ್ಕೆ ಅವಳು ಯಾವತ್ತೂ ಕತ್ತಿ ತಾಗಿಸಿರಲಿಲ್ಲ.

ಅವಳ ಮಗಳು ಕಲ್ಲಮ್ಮನ ಚೊಚ್ಚಲ ಕೂಸು ಎದೆಯಲ್ಲಿ ಹಾಲಿಲ್ಲದೆ ತೀರಿಕೊಂಡಿತ್ತು. ಎರಡನೆಯ ಬಸುರಿಗೆ ಕಲ್ಲಮ್ಮ ತಾಯಿಯ ಮನೆಗೆ ಬಂದಾಗ ಪಕ್ಕದ ಮನೆಯ ಜವರಮ್ಮ ಬಾಗಿಲಲ್ಲೇ ನಿಂತು ಆಡಿದಳು.

"ಹಾಲು ಒಡೆಸೋ ಕೈಯಲ್ಲಿ ಮಗಳ ಬಾಣಂತನ ಮಾಡ್ತೀಯೇನೆ ಗಿಡ್ಡಿ? ಹೋದ ಕೂಸು ಸಾಲದೇನೆ?"

ಗಿಡ್ಡಮ್ಮ ನಕ್ಕಳು. ಆದರೆ ಆ ಮಾತು ಮುಳ್ಳು ಮುರಿದಂತೆ ಒಳಗೇ ಉಳಿಯಿತು. ಈ ಕೂಸನ್ನಾದರೂ ಉಳಿಸಿಕೊಳ್ಳಬೇಕು, ಮಡಿಲಲ್ಲಿ ಮಲಗಿಸಿಕೊಂಡು ತಟ್ಟಬೇಕು, ಅದೊಂದೇ ಅವಳ ಆಸೆ.

ಹೆಣ್ಣು ಹುಟ್ಟಿತು. ಹೆತ್ತವಳ ಮಾಸನ್ನು ಹಿತ್ತಿಲ ಮಣ್ಣಿನಲ್ಲೇ ಹೂಳಬೇಕು, ಅದು ಎಲ್ಲರಿಗೂ ಗೊತ್ತು. ಗಿಡ್ಡಮ್ಮನಿಗೂ ಗೊತ್ತಿತ್ತು. ಆದರೆ ಕಲ್ಲಮ್ಮನ ಎದೆ ಮತ್ತೆ ಒಣಗಿಯೇ ಇತ್ತು, ಕೂಸು ಚೀಪಿ ಚೀಪಿ ಸೋತು ಸುಮ್ಮನಾಗುತ್ತಿತ್ತು. ಗಿಡ್ಡಮ್ಮ ಮಾಸನ್ನು ಹಸಿಹುಲ್ಲಿನಲ್ಲಿ ಸುತ್ತಿ, ಮಂಜು ಕವಿದ ಬೆಳಗಿನಲ್ಲಿ ಯಾರಿಗೂ ಹೇಳದೆ ದಿಬ್ಬ ಹತ್ತಿ, ಹಸುವಿನದನ್ನು ಕಟ್ಟುವಂತೆಯೇ ಅತ್ತಿಮರಕ್ಕೆ ಕಟ್ಟಿ ಬಂದಳು.

ಇಳಿದು ಬರುವಷ್ಟರಲ್ಲಿ ಕಲ್ಲಮ್ಮನ ರವಿಕೆ ತೊಯ್ದುಹೋಗಿತ್ತು. "ಅವ್ವ, ನೋಡಿಲ್ಲಿ" ಎಂದು ಅವಳು ಅಳುತ್ತಲೇ ನಗುತ್ತಿದ್ದಳು.

ಕೂಸಿಗೆ ತಂಗಮ್ಮ ಎಂದು ಹೆಸರಿಟ್ಟರು. ಅದು ಕುಡಿದು ಮಿಕ್ಕಿ ತೇಗಿ ಮಲಗುತ್ತಿತ್ತು. ಗಿಡ್ಡಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಸೌದೆಗೆಂದು ದಿಬ್ಬಕ್ಕೆ ಹೋದಾಗಲೆಲ್ಲ ಅವಳು ಆ ಮರದ ಮುಂದೆ ನಿಂತು ನೋಡುತ್ತಿದ್ದಳು. ಕಚ್ಚು ಹಾಕದಿದ್ದರೂ ಮರದ ಮೈಯಲ್ಲೆಲ್ಲ ಹಾಲು ಜಿನುಗುತ್ತಿತ್ತು. ಅದರ ಹತ್ತಿರ ಒಂದು ಇರುವೆಯೂ ಸುಳಿಯುತ್ತಿರಲಿಲ್ಲ. ಮಾಸಿಗೆ ಸುತ್ತಿದ್ದ ಹುಲ್ಲು ಆ ಬಿಸಿಲಿನಲ್ಲೂ ಒಣಗಿರಲಿಲ್ಲ, ಹಸಿರಾಗಿಯೇ ಇತ್ತು.

ಹೂಮಳೆ ಬಿತ್ತು. ಗುಡ್ಡಕ್ಕೆ ಗುಡ್ಡವೇ ಕಾಫಿ ಹೂವಿನಿಂದ ಬೆಳ್ಳಗಾಯಿತು. ಬಂಗಲೆಗೆ ನೆಂಟರು ಬರುವವರಿದ್ದರು, ಚೀಸ್ ಬೇಕೆಂದು ಹೇಳಿಕಳಿಸಿದರು. ಗಿಡ್ಡಮ್ಮ ಹಳ್ಳದ ದಂಡೆಯ ಅತ್ತಿಗಳಿಗೆಲ್ಲ ಕಚ್ಚು ಹಾಕಿ ನೋಡಿದಳು. ಒಂದರಲ್ಲೂ ತೊಟ್ಟು ಹಾಲಿಲ್ಲ.

"ಆಗಲ್ಲ ಅಂದ್ರೆ ದೊರೆಸಾನಿ ಲೈನ್ ಮನೆ ಬಿಡು ಅಂತಾರೆ ಮಾರಾಯ್ತಿ. ಹಸಿ ಬಾಣಂತಿನ ಎಲ್ಲಿಗೆ ಕರ್ಕೊಂಡು ಹೋಗ್ತೀಯ?" ಎಂದ ಶೇಷಪ್ಪ. ಅವನಿಗೂ ಬೇಸರವೇ ಇತ್ತು.

ದಿಬ್ಬದ ಮರವೊಂದೇ ಉಳಿದಿತ್ತು. ತೋಟದ ತುಂಬ ಜೇನ್ನೊಣದ ಮೊರೆತ, ಮರದ ಬುಡಕ್ಕೆ ಬಂದರೆ ಸದ್ದೇ ಇಲ್ಲ. ನಾಲ್ಕೇ ತೊಟ್ಟು, ತಪ್ಪಾಯ್ತು ಎಂದು ಮರಕ್ಕೆ ಕೈಮುಗಿದು ಗಿಡ್ಡಮ್ಮ ಕತ್ತಿ ಬೀಸಿದಳು. ಹಾಲು ಚಿಮ್ಮಿ ಅವಳ ಕೈಗೆ ಬಿತ್ತು. ಬೆಚ್ಚಗಿತ್ತು. ಮರದ ಹಾಲು ಬೆಚ್ಚಗಿರುವುದನ್ನು ಅವಳು ಎಂದೂ ಕಂಡಿರಲಿಲ್ಲ. ಅದಕ್ಕೆ ಬಾಣಂತಿ ಕೋಣೆಯ ವಾಸನೆಯಿತ್ತು.

ಬಂಗಲೆಯಲ್ಲಿ ಹಾಲಿಗೆ ನಾಲ್ಕು ತೊಟ್ಟು ಬಿಟ್ಟಳು. ಒಡೆಯಲಿಲ್ಲ. ಇನ್ನಷ್ಟು ಬಿಟ್ಟಳು. ಕೊನೆಗೆ ಕರಟವನ್ನೇ ಸುರಿದಳು. ಪಾತ್ರೆಯ ಹಾಲು ಈಗಷ್ಟೇ ಕರೆದಂತೆ ತಿಳಿಯಾಗಿ ನಿಂತಿತ್ತು. ಇದು ಇಲ್ಲಿ ಒಡೆಯದಿದ್ದರೆ ಇನ್ನೆಲ್ಲಿ ಒಡೆಯುತ್ತಿದೆ ಎಂಬ ಯೋಚನೆ ಬಂದದ್ದೇ ಅವಳು ಕರಟವನ್ನು ಕೆಳಗೆ ಬಿಸುಟಳು. ಶೇಷಪ್ಪ ಕೂಗುತ್ತಿದ್ದರೂ ತಿರುಗಿ ನೋಡದೆ ಮನೆಗೆ ಓಡಿದಳು.

ಕಲ್ಲಮ್ಮ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. "ಅವ್ವ, ಇದೇನೋ ಬರ್ತಾ ಇದೆ" ಎಂದಳು. ಒತ್ತಿದರೆ ಹಳದಿ ನೀರು, ಅದರ ಜೊತೆ ಬಿಳಿಯ ಗಟ್ಟಿ ಚೂರುಗಳು. ಕೂಸಿನ ತುಟಿಯ ಮೇಲೂ ಒಂದು ಚೂರು ಅಂಟಿತ್ತು. ಕೂಸು ಅಳುತ್ತಿರಲಿಲ್ಲ, ಅಜ್ಜಿಯ ಕೈಯನ್ನೇ ನೋಡುತ್ತಿತ್ತು.

ಗಿಡ್ಡಮ್ಮ ಮತ್ತೆ ದಿಬ್ಬ ಹತ್ತಿದಳು. ಗಾಯಕ್ಕೆ ಸೆಗಣಿ, ಕೆಂಪುಮಣ್ಣು ಮೆತ್ತಿ ಸೀರೆಯ ಸೆರಗು ಹರಿದು ಕಟ್ಟಿದಳು. ಹಾಲು ನಿಲ್ಲಲಿಲ್ಲ.

"ಇನ್ನು ಹಾಲು ಒಡೆಸಲ್ಲ ತಾಯಿ, ಹಾಲನ್ನೇ ಮುಟ್ಟಲ್ಲ" ಎಂದಳು. ಹಾಲು ಸೋರುತ್ತಲೇ ಇತ್ತು. ಇನ್ನೇನು ಉಳಿದಿದೆ ಕೊಡಲಿಕ್ಕೆ ಎಂದು ಹುಡುಕಿ, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಬಾಯಿ ತೆರೆದಳು. "ಆ ಕೂಸನ್ನೂ ಮುಟ್ಟಲ್ಲ. ಸಾಯೋವರೆಗೂ ಮುಟ್ಟಲ್ಲ."

ಹಾಲು ನಿಂತಿತು.

ಸಂಜೆಗೆ ಕಲ್ಲಮ್ಮನ ಎದೆಹಾಲು ತಿಳಿಯಾಯಿತು, ಕೂಸು ಉಳಿಯಿತು. ಶೇಷಪ್ಪ ಬಂಗಲೆಯಲ್ಲಿ ಏನು ಸುಳ್ಳು ಹೇಳಿದನೋ, ಮನೆಯೂ ಉಳಿಯಿತು. ಅಳಿಯ ಅದೇ ಎಸ್ಟೇಟಿಗೆ ಕೆಲಸಕ್ಕೆ ಬಂದ. ಗಿಡ್ಡಮ್ಮ ಕಾಫಿ ಹಣ್ಣು ಕುಯ್ಯುವವರ ಜೊತೆ ಸೇರಿ, ಬದುಕಿರುವ ತನಕ ಕರಿಕಾಫಿಯನ್ನೇ ಕುಡಿದಳು. ತಂಗಮ್ಮ ತಪ್ಪು ಹೆಜ್ಜೆ ಇಡುತ್ತಾ ಅಜ್ಜಿಯ ಕಡೆ ಬಂದರೆ ಅವಳು ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಸರಿಯುತ್ತಿದ್ದಳು. ಹುಡುಗಿ ಎಡವಿ ಬಿದ್ದರೂ ಎತ್ತಲಿಲ್ಲ, ಕಲ್ಲಮ್ಮನನ್ನು ಕೂಗಿ ಕರೆದಳು. ಕಲ್ಲುಮನಸ್ಸಿನ ಮುದುಕಿ ಎಂದರು ಜನ. ಜನಕ್ಕೇನು, ಅಂದು ಮರೆಯುತ್ತಾರೆ. ಅವಳ ಕರುಳು ಕಿತ್ತು ಬರುತ್ತಿದ್ದುದು ಅವಳಿಗೊಬ್ಬಳಿಗೇ ಗೊತ್ತು.

ಎರಡನೆಯ ಯುದ್ಧ ಮುಗಿದ ವರ್ಷ ಗಿಡ್ಡಮ್ಮ ಹಾಸಿಗೆ ಹಿಡಿದಳು. ತಂಗಮ್ಮ ತನ್ನ ಹಸುಗೂಸನ್ನು ಎತ್ತಿಕೊಂಡು ನೋಡಲು ಬಂದಳು. ಹಾಸಿಗೆ ಹಿಡಿದ ಮೇಲೆ ಗಿಡ್ಡಮ್ಮ ಬಾಯಿಬಿಟ್ಟಿದ್ದ ಮರದ ಮುಂದಿನ ಆಣೆಯನ್ನೆಲ್ಲ ಕಲ್ಲಮ್ಮ ಮಗಳಿಗೆ ಹೇಳಿದ್ದಳು. ಹಳೆಯ ಕಾಲದ ಹೆದರಿಕೆ ಎಂದು ತಂಗಮ್ಮ ತಲೆಗೆ ಹಚ್ಚಿಕೊಂಡಿರಲಿಲ್ಲ. ಮುದುಕಿ ಕಂಬಳಿಯೊಳಗೆ ಬಚ್ಚಿಟ್ಟುಕೊಂಡ ಕೈಯನ್ನು ಎಳೆದು ತನ್ನ ಕೈಯಲ್ಲಿಟ್ಟುಕೊಂಡಳು.

"ಬೇಡ ಕಣೆ" ಎಂದಳು ಗಿಡ್ಡಮ್ಮ. ಬಿಡಿಸಿಕೊಳ್ಳಲು ಶಕ್ತಿಯಿರಲಿಲ್ಲ, ಮನಸ್ಸೂ ಇರಲಿಲ್ಲ. ಆಣೆಯಿಟ್ಟ ಮೇಲೆ ಮೊದಲ ಸಲ ಆ ಬೆರಳುಗಳನ್ನು ಸವರಿ ಸವರಿ ನೋಡಿದಳು.

ಉಸಿರು ಎಳೆಯತೊಡಗಿತು. ತಂಗಮ್ಮ ಬಾಯಿಗೆ ಬಿಡಲೆಂದು ಹಾಲಿನ ಬಟ್ಟಲು ಹತ್ತಿರ ತಂದಳು.

"ಒಡೆದಿಲ್ಲ ತಾನೆ?" ಎಂದು ಮುದುಕಿ ಕೇಳಿದಳು.

"ಇಲ್ಲ ಅಜ್ಜಿ, ಚೆನ್ನಾಗಿದೆ" ಎಂದು ತಂಗಮ್ಮ ಒಂದು ಚಮಚ ಬಿಟ್ಟಳು.

ಗಿಡ್ಡಮ್ಮ ನುಂಗಿದಳು. ಮುಖ ಅರಳಿತು. "ಗಿಣ್ಣಿನ ಹಂಗಿದೆ" ಎಂದಳು. ಅದೇ ಕೊನೆಯ ಮಾತು.

ತಂಗಮ್ಮ ಆಗ ಬಟ್ಟಲಿನತ್ತ ನೋಡಿದಳು. ಹಳದಿ ನೀರಿನಲ್ಲಿ ಬಿಳಿಯ ಚೂರುಗಳು ತೇಲುತ್ತಿದ್ದವು. ಮೂಲೆಯಲ್ಲಿ ಮಲಗಿಸಿದ್ದ ಅವಳ ಕೂಸು ಹಸಿದು ಎದ್ದು ಅಳತೊಡಗಿತು. ಅಜ್ಜಿಯ ಕೈ ಇನ್ನೂ ಅವಳ ಕೈಯೊಳಗಿತ್ತು. ಕೂಸನ್ನು ಎತ್ತಿಕೊಂಡು ಎದೆಗೆ ಹಚ್ಚಲು ಅವಳಿಗೆ ಧೈರ್ಯ ಬರಲಿಲ್ಲ.